ಹನ್ನೊಂದು ಕೋಲುಗಳ ಊರು

ನಮ್ಮ ಪಕ್ಕದ ಮನೆಯ ಅಜ್ಜನ ಊರಿನಲ್ಲಿ ಹನ್ನೊಂದು ಮನೆಗಳಿದ್ದವು. ಮನೆಗೊಂದು ಕೋಲು. ಗೇಣುದ್ದದ, ಬೆರಳು ಗಾತ್ರದ, ಒಣಗಿ ಜೇನಿನ ಬಣ್ಣಕ್ಕೆ ತಿರುಗಿದ ಆ ಹನ್ನೊಂದೂ ಕೋಲುಗಳನ್ನು ನಾವು ಒಂದು ಶನಿವಾರ ಬೆಳಿಗ್ಗೆ ಗ್ರೀನ್‌ಫರ್ಡಿನ ನಮ್ಮ ಗ್ಯಾರೇಜಿನಲ್ಲಿ, ತುಪ್ಪ ಹಾಕಿ, ಮಂತ್ರ ಹೇಳಿ, ಸುಟ್ಟೆವು. ಬೇಕೆಂದು ಸುಡಲಿಲ್ಲ. ಬೇಕೆಂದು ಮಾಡಿದ್ದು ಆಮೇಲೆ ಬಂತು, ಅದನ್ನು ಮಾಡಿದವಳು ನಾನೊಬ್ಬಳೇ. ಈಗ ಬರೆಯಲು ಕೂತರೂ ಸುತ್ತಿ ಬಳಸಿ ಹೇಳುವ ಆಸೆಯಾಗುತ್ತದೆ. ಅದಕ್ಕೇ ಮೊದಲ ಸಾಲುಗಳಲ್ಲೇ ಕಕ್ಕಿಬಿಟ್ಟಿದ್ದೇನೆ.

ತೊಂಬತ್ತರ ದಶಕದ ಆರಂಭದಲ್ಲಿ ನಾನು ಮದುವೆಯಾಗಿ ಧಾರವಾಡದಿಂದ ನೇರ ಆ ಮನೆಗೆ ಬಂದೆ. ಒಂದೇ ಗೋಡೆ ಹಂಚಿಕೊಂಡ ಜೋಡಿ ಮನೆಗಳು. ಎಡಕ್ಕೆ ನಾವು ಬಾಡಿಗೆಗೆ, ಬಲಕ್ಕೆ ಅಜ್ಜ ಸ್ವಂತಕ್ಕೆ. ಅವರು ಕೆಮ್ಮಿದರೆ ನಮ್ಮ ಅಡುಗೆಮನೆಗೆ ಕೇಳಿಸುತ್ತಿತ್ತು, ನಾನು ಒಗ್ಗರಣೆ ಹಾಕಿದರೆ ಅವರು ಸೀನುತ್ತಿದ್ದರು. ಮೊದಲ ವರ್ಷ ಇಷ್ಟೇ ಸಂಬಂಧ. ನಾನು ಹೋಟೆಲುಗಳ ಚಾದರ ಒಗೆಯುವ ಒಂದು ದೊಡ್ಡ ಲಾಂಡ್ರಿಯಲ್ಲಿ ಕೆಲಸಕ್ಕೆ ಸೇರಿದ್ದೆ. ಬೆಳಿಗ್ಗೆ ಆರಕ್ಕೆ ಹೋದರೆ ಮಧ್ಯಾಹ್ನ ಎರಡಕ್ಕೆ ಬಿಡುಗಡೆ. ಆಮೇಲೆ ಗಂಡ ಬರುವವರೆಗೆ ಗೋಡೆ ನೋಡುತ್ತ ಕೂರಬೇಕು. ಲಂಡನ್ ಎಂದರೆ ಏನೇನೋ ಕಲ್ಪಿಸಿಕೊಂಡು ಬಂದವಳಿಗೆ ಸಿಕ್ಕಿದ್ದು ಗೋದಾಮುಗಳ ಸಾಲು, ಬಸ್ಸಿನ ಕಿಟಕಿಯ ಮೇಲೆ ಸದಾ ಒಂದು ತೇವ, ನಾಲ್ಕು ಗಂಟೆಗೆಲ್ಲ ಕತ್ತಲು. ಯಾರ ಮೇಲೆ ಸಿಟ್ಟು ಮಾಡಬೇಕೋ ಗೊತ್ತಾಗದೆ ಎಲ್ಲರ ಮೇಲೂ ಸಿಟ್ಟು ಮಾಡುತ್ತಿದ್ದೆ.

ಅಂಥ ಒಂದು ಚಳಿಗಾಲದಲ್ಲಿ ಎರಡು ಬೆರಳಿನಷ್ಟು ಹಿಮ ಬಿತ್ತು. ಬಸ್ಸುಗಳು ನಿಂತವು, ಶಾಲೆಗಳು ಮುಚ್ಚಿದವು, ರೇಡಿಯೋದಲ್ಲಿ ಲೋಕವೇ ಮುಳುಗಿದಂತೆ ಮಾತು. ಬಾಗಿಲು ತೆರೆದರೆ ಪಕ್ಕದ ಮನೆಯ ಎಪ್ಪತ್ತರ ಅಜ್ಜ ಸಲಿಕೆ ಹಿಡಿದು ತಮ್ಮ ಬಾಗಿಲಿನ ಹಾದಿಯನ್ನಲ್ಲ, ನಮ್ಮ ಬಾಗಿಲಿನ ಹಾದಿಯನ್ನು ತೆಗೆಯುತ್ತಿದ್ದರು.

"ನಿಮ್ಮದು ಬಿಟ್ಟು ನಮ್ಮದ್ಯಾಕೆ?" ಎಂದೆ. ನನ್ನ ಇಂಗ್ಲಿಷು ಮುರುಕಲು, ಅವರದೂ ಮುರುಕಲು. ಇಲ್ಲಿ ಅವರ ಮಾತನ್ನೆಲ್ಲ ನನ್ನ ಕನ್ನಡದಲ್ಲೇ ಬರೆಯುತ್ತೇನೆ.

"ನಮ್ಮೂರಲ್ಲಿ ಯಾರೂ ತಮ್ಮ ಹಾದಿ ತಾವು ತೆಗೆಯೋದಿಲ್ಲ," ಎಂದರು. "ಪಕ್ಕದವನದು ತೆಗೆಯಬೇಕು. ನಿನ್ನದನ್ನು ಇನ್ನೊಬ್ಬ ತೆಗೀತಾನೆ. ತೆಗೀಲಿಲ್ಲ ಅಂದ್ರೆ ಅವನು ಸತ್ತಿದಾನೆ ಅಂತ ಅರ್ಥ, ಹೋಗಿ ನೋಡಬೇಕು."

ನಾನು ಸಲಿಕೆ ಇಸಿದುಕೊಂಡು ಅವರ ಹಾದಿ ತೆಗೆದೆ. ಆ ದಿನದಿಂದ ಮೂರು ಗಂಟೆಗೆ ಅವರ ಅಡುಗೆಮನೆಯಲ್ಲಿ ಚಹಾ ಕುಡಿಯುವುದು ರೂಢಿಯಾಯಿತು. ನಮ್ಮ ಮನೆಯಲ್ಲಿ ಅವರಿಗೆ ಬೆಟ್ಟದಜ್ಜ ಎಂದು ಹೆಸರು ಬಿತ್ತು. ಅವರಿಗೆ ನಾನು ಸಿನ್ಯೋರಾ, ಅವರ ಭಾಷೆಯಲ್ಲಿ ಅಮ್ಮಾವರು.

ಅವರ ಊರು ಇಟಲಿಯ ಮೇಲ್ತುದಿಯಲ್ಲಿ, ಬೆಟ್ಟ ಹತ್ತಿ ಇಳಿದರೆ ಫ್ರಾನ್ಸು. ನಕ್ಷೆಯಲ್ಲಿ ತೋರಿಸಿ ಎಂದರೆ ಬೆರಳಿಟ್ಟು, "ಈ ಬೆರಳಿನ ಕೆಳಗೆ ಎಲ್ಲೋ ಇದೆ, ಅಷ್ಟು ಸಣ್ಣದು," ಎಂದು ನಗುತ್ತಿದ್ದರು. ಯಾರು ಕಟ್ಟಿದ ಊರೋ ಯಾರಿಗೂ ಗೊತ್ತಿಲ್ಲ. ಉಪ್ಪು ಹೊತ್ತು ಬೆಟ್ಟ ದಾಟುತ್ತಿದ್ದ ಇಬ್ಬರು ಅಣ್ಣತಮ್ಮಂದಿರು ಒಂದು ವರ್ಷ ಹಿಮಕ್ಕೆ ಸಿಕ್ಕಿ ಅಲ್ಲೇ ಉಳಿದರು ಎಂದು ಅವರ ಅಜ್ಜಿ ಹೇಳುತ್ತಿದ್ದರಂತೆ. ನವೆಂಬರಿನಲ್ಲಿ ಮುಚ್ಚಿದ ದಾರಿ ತೆರೆಯುವುದು ಏಪ್ರಿಲಿಗೆ. ಅಷ್ಟು ತಿಂಗಳು ಹನ್ನೊಂದು ಮನೆಯವರು ಹನ್ನೊಂದು ಮನೆಯವರನ್ನೇ ನೋಡಬೇಕು. ಚಳಿಗೆ ಮಲಗುವುದು ದನದ ಕೊಟ್ಟಿಗೆಯಲ್ಲಿ, ಹಸುಗಳ ಬಿಸಿಯುಸಿರಿನ ಪಕ್ಕ. ಊರಿಗೆಲ್ಲ ಸೇರಿ ಒಂದೇ ಒಲೆ. ಹಿಮ ಬೀಳುವ ಮುಂಚೆ ಇಡೀ ಚಳಿಗಾಲದ ರೊಟ್ಟಿಯನ್ನು ಒಂದೇ ಸಲ ಸುಟ್ಟಿಡುವುದು. ಫೆಬ್ರವರಿಯ ಹೊತ್ತಿಗೆ ಅದನ್ನು ಕತ್ತರಿಸಲು ಮಚ್ಚು ಬೇಕಾಗುತ್ತಿತ್ತಂತೆ. ನಾನು ಜೋಳದ ಕಟಕ್ ರೊಟ್ಟಿ ಒಯ್ದು ಕೊಟ್ಟಾಗ ಒಂದು ತುಂಡು ಮುರಿದು ಕಿವಿಯ ಹತ್ತಿರ ಹಿಡಿದು ಕೇಳಿದರು. "ಇದು ನಮ್ಮದಕ್ಕೆ ನೆಂಟ," ಎಂದರು.

ಚಳಿಗಾಲದಲ್ಲಿ ಯಾರಾದರೂ ಸತ್ತರೆ ನೆಲ ಅಗೆಯಲು ಬರುವುದಿಲ್ಲ, ಕಲ್ಲಾಗಿರುತ್ತದೆ. ಹೆಣವನ್ನು ಬಟ್ಟೆಯಲ್ಲಿ ಸುತ್ತಿ ಮನೆಯ ಮಾಡಿನ ಮೇಲೆ ಹಿಮದಲ್ಲಿ ಇಡುತ್ತಿದ್ದರು, ಏಪ್ರಿಲಿನವರೆಗೆ. ಹೆಣ ಮನೆಯಲ್ಲಿದ್ದರೆ ಒಲೆ ಹಚ್ಚದ ಮನೆತನದವಳು ನಾನು. "ಅದರ ಕೆಳಗೇ ಉಣ್ಣುತ್ತಿದ್ರಾ?" ಎಂದೆ.

"ಉಣ್ಣದೆ? ನಮ್ಮಜ್ಜಿ ಎಂಬತ್ತು ದಿವಸ ನಮ್ಮ ತಲೆ ಮೇಲಿದ್ದಳು. ಊಟಕ್ಕೆ ಕೂತಾಗ ನಮ್ಮಪ್ಪ ಮೇಲೆ ನೋಡಿ, ಅಮ್ಮ, ಇವತ್ತೂ ಅದೇ ಸೂಪು, ಅಂತಿದ್ದ."

ಈ ಊರಿಗೆ ಓದು ಬರಹ ಬರುತ್ತಿರಲಿಲ್ಲ. ಅದರ ಚರಿತ್ರೆಯೆಲ್ಲ ಕೋಲುಗಳಲ್ಲಿತ್ತು. ಪ್ರತಿ ಮನೆಯ ಕೋಲಿನ ಒಂದು ತುದಿಯಲ್ಲಿ ಆ ಮನೆಯ ಗುರುತು ಕೆತ್ತಿರುತ್ತಿದ್ದರು. ಹಾದಿ ತೆಗೆಯುವ ಸರದಿ, ಒಲೆ ಕಾಯುವ ಸರದಿ, ಹೆಣದ ಜೊತೆ ಕೂರುವ ಸರದಿ ಮುಗಿದಾಗ ಪಕ್ಕದ ಮನೆಯವನು ಬಂದು ನಿನ್ನ ಕೋಲಿಗೆ ಒಂದು ಗೀರು ಹಾಕುತ್ತಿದ್ದ. ನಿನ್ನ ಗೀರು ನೀನೇ ಹಾಕಿಕೊಳ್ಳುವ ಹಾಗಿಲ್ಲ. ಎರಡೂ ಬದಿ ತುಂಬಿದರೆ ಹೊಸ ಕೋಲು, ಹಳೆಯದು ಒಲೆಗೆ. ಊರಿನ ಕೊನೆಯ ಕೋಲುಗಳು ಮಾತ್ರ ಉಳಿದಿದ್ದವು, ಅವುಗಳ ಮೇಲೆ ಅವರ ತಂದೆಯ ಕಾಲದಿಂದ ಈಚಿನ ಚಳಿಗಾಲಗಳೆಲ್ಲ ಇದ್ದವು. ಒಂದು ವರ್ಷ ಹಿಮ ಕುಸಿದು ಮೂರು ಮನೆಗಳನ್ನು ಒಳಗಿದ್ದವರ ಸಮೇತ ಒಯ್ದಿತು. ಆ ವರ್ಷ ಉಳಿದ ಎಂಟು ಕೋಲುಗಳಿಗೆ ಸುತ್ತಲೂ ಒಂದು ಉದ್ದನೆಯ ಗೀರು. ಹಿಮ ಕರಗಿದ ಮೇಲೆ ಸಿಕ್ಕ ಆ ಮೂರು ಮನೆಗಳ ಕೋಲುಗಳಲ್ಲಿ ಗೀರುಗಳು ಅಲ್ಲಿಗೇ ನಿಂತಿದ್ದವು.

ಆಮೇಲೆ ಯುದ್ಧ. ಆಮೇಲೆ ಕೆಳಗಿನ ಪಟ್ಟಣದ ಕಾರ್ಖಾನೆಗಳು. ಎಂಟು ಐದಾಯಿತು, ಐದು ಎರಡಾಯಿತು. ಊರು ಬಿಡುವವರು ತಮ್ಮ ಕೋಲನ್ನು ಒಲೆಮನೆಯ ಗೋಡೆಗೆ ತೂಗಿ ಹೋಗುತ್ತಿದ್ದರು. ತಾಯಿ ತೀರಿಕೊಂಡ ವರ್ಷ ಅಜ್ಜ ಕೊನೆಯ ಬಾಗಿಲು ಎಳೆದುಕೊಂಡು, ಹನ್ನೊಂದೂ ಕೋಲುಗಳನ್ನು ಕಟ್ಟಿಕೊಂಡು ಇಳಿದರು. ಆಗ ಅವರಿಗೆ ಇಪ್ಪತ್ತೇಳು. ಊರಿಗೆ ಡಾಂಬರು ರಸ್ತೆ ಬಂದದ್ದು ಅದಾದ ಹತ್ತು ವರ್ಷಕ್ಕೆ, ಅದರಲ್ಲಿ ನಡೆಯಲು ಯಾರೂ ಇಲ್ಲದಾಗ.

ಕೋಲುಗಳನ್ನು ನಾನು ಎಂದೂ ನೋಡಿರಲಿಲ್ಲ. "ಒಣಗಿದ ಜಾಗದಲ್ಲಿವೆ, ಮತ್ತೆ ಮತ್ತೆ ಮುಟ್ಟಬಾರದು," ಎನ್ನುತ್ತಿದ್ದರು. ಆದರೆ ಪೇಪರಿನ ಅಂಚಿನಲ್ಲಿ ಮನೆಗಳ ಗುರುತು ಬರೆದು ತೋರಿಸಿದ್ದರು. ಅವರ ಮನೆಯದು ಎರಡು ನೆಟ್ಟ ಗೆರೆ, ಅವುಗಳಿಗೆ ಅಡ್ಡ ಒಂದು ಓರೆ ಗೆರೆ. ಬೇರೆ ಯಾವುದೂ ನನಗೆ ನೆನಪುಳಿಯಲಿಲ್ಲ. ಅವರಿಗೋ ಯಾವ ಮನೆಯ ಕೋಲಿನಲ್ಲಿ ಯಾವ ಗೀರು ಯಾವ ಚಳಿಗಾಲದ್ದು ಎಂಬುದೆಲ್ಲ ಬಾಯಲ್ಲಿತ್ತು. ನಾನು ನಿನ್ನೆ ಏನು ಅಡುಗೆ ಮಾಡಿದ್ದೆ ಎಂಬುದನ್ನೂ ನನಗಿಂತ ಚೆನ್ನಾಗಿ ನೆನಪಿಟ್ಟಿರುತ್ತಿದ್ದರು.

ಹೊಸ ಶತಮಾನ ಹುಟ್ಟಿ ಒಂದೆರಡು ವರ್ಷವಾಗಿತ್ತು. ಅವರ ಊರಿನ ಕೆಳಗಿನ ಪಟ್ಟಣದಿಂದ ಒಂದು ಕಾಗದ ಬಂತು. ಖಾಲಿಯಾದ ಬೆಟ್ಟದೂರುಗಳ ನೆನಪಿಗೆ ಒಂದು ಕೋಣೆ ಮಾಡುತ್ತಿದ್ದೇವೆ, ನಿಮ್ಮ ಹತ್ತಿರ ಏನಾದರೂ ಇದೆಯೇ ಎಂದು. ಅಜ್ಜ ಆ ಕಾಗದವನ್ನು ಮಡಿಸಿ ಅಂಗಿಯ ಜೇಬಿನಲ್ಲೇ ಇಟ್ಟುಕೊಂಡು ಓಡಾಡಿದರು. ಜೂನಿನಲ್ಲಿ ತಾವೇ ಹೋಗಿ ಕೋಲುಗಳನ್ನು ಗೋಡೆಗೆ ತೂಗಿಹಾಕಿ, ಒಂದೊಂದು ಮನೆಯ ಹೆಸರನ್ನೂ ಗಟ್ಟಿಯಾಗಿ ಹೇಳಿ ಬರುವುದು ಎಂದು ತೀರ್ಮಾನವಾಯಿತು. ಮನೆಗಳೆಲ್ಲ ಬಿದ್ದುಹೋಗಿದ್ದವು. ಆ ಊರು ಇತ್ತು ಎನ್ನಲು ಉಳಿದದ್ದು ಆ ಕೋಲುಗಳು ಮಾತ್ರ.

ಅದೇ ವರ್ಷದ ಜನವರಿಯಲ್ಲಿ ಅವರ ಮಗಳು ಹಿತ್ತಲಿನ ಹಳೆಯ ಶೆಡ್ ಕೆಡವಿಸಿ ಹೊಸದು ಕಟ್ಟಿಸಲು ಹೊರಟಳು. ಸ್ಟ್ಯಾನ್‌ಮೋರಿನಲ್ಲಿ ಮನೆ, ತಾಯಿಯಿಲ್ಲದ ಒಬ್ಬಳೇ ಮಗಳು, ಭಾನುವಾರಕ್ಕೊಮ್ಮೆ ಕಾರಿನಲ್ಲಿ ಬಂದು ಅಪ್ಪನ ಫ್ರಿಜ್ ತುಂಬಿಸಿ ಹೋಗುವವಳು. ಕೆಲಸ ಮುಗಿಯುವವರೆಗೆ ಶೆಡ್ಡಿನ ಸಾಮಾನು ಎಲ್ಲಿಡುವುದು? ನಮ್ಮ ಗ್ಯಾರೇಜ್ ಖಾಲಿಯಿತ್ತು. ಅಜ್ಜ ನಾಲ್ಕು ರಟ್ಟಿನ ಪೆಟ್ಟಿಗೆಗಳನ್ನು ಒಂದೊಂದಾಗಿ ಹೊತ್ತು ತಂದರು. ಒಳಗೆ ಏನಿದೆ ಎಂದು ನಾನು ಕೇಳಲಿಲ್ಲ. "ಒದ್ದೆಯಾಗದಿದ್ದರೆ ಸಾಕು," ಎಂದರು ಅವರು.

ಆ ಚಳಿಗಾಲ ನಮ್ಮತ್ತೆಯೂ ಧಾರವಾಡದಿಂದ ಬಂದಿದ್ದರು, ಆರು ತಿಂಗಳಿಗೆಂದು. ನಾವು ಬಾಡಿಗೆ ಮನೆಯನ್ನೇ ಹಿಂದಿನ ವರ್ಷ ಕೊಂಡಿದ್ದೆವು, ವಾಸ್ತುಶಾಂತಿ ಆಗಿರಲಿಲ್ಲ. ತಮ್ಮ ಮಗನಿಗೆ ಬೆನ್ನುನೋವು ಬಂದದ್ದು, ನನಗೆ ಕೆಲಸದಲ್ಲಿ ಕೈ ಸುಟ್ಟದ್ದು, ಬಾಯ್ಲರ್ ಕೆಟ್ಟದ್ದು, ಎಲ್ಲಕ್ಕೂ ಅತ್ತೆಯ ಹತ್ತಿರ ಒಂದೇ ಕಾರಣ.

"ಶಾಂತಿ ಮಾಡಸದ ಮನ್ಯಾಗ ಹೆಂಗ ಇರ್ತೀರವ್ವಾ ನೀವು? ನನಗಂತೂ ನಿದ್ದೀನ ಹತ್ತವಲ್ದು."

ನಿದ್ದೆ ಅವರಿಗೆ ಚೆನ್ನಾಗಿಯೇ ಹತ್ತುತ್ತಿತ್ತು, ಗೊರಕೆ ಮಹಡಿಗೆ ಕೇಳಿಸುತ್ತಿತ್ತು. ಆದರೂ ಫೆಬ್ರವರಿಯ ಒಂದು ಶನಿವಾರ ನಿಗದಿಯಾಯಿತು. ಪುರೋಹಿತರು ಬೆಂಗಳೂರಿನವರು, ವಾರದ ಐದು ದಿನ ಕ್ಯಾನರಿ ವಾರ್ಫಿನ ಒಂದು ಬ್ಯಾಂಕಿನಲ್ಲಿ ಕಂಪ್ಯೂಟರ್ ಕೆಲಸ, ಉಳಿದೆರಡು ದಿನ ಪಂಚೆ. ಮನೆಯೊಳಗೆ ಹೋಮ ಮಾಡಿದರೆ ಹೊಗೆಗೆ ಅಲಾರಂ ಬಡಿದುಕೊಳ್ಳುತ್ತದೆ, ಕಾರ್ಪೆಟ್ ಬೇರೆ. ಆದ್ದರಿಂದ ಗ್ಯಾರೇಜಿನಲ್ಲಿ ಮಾಡುವುದು, ಬಾಗಿಲು ಅರ್ಧ ಎತ್ತಿ ಇಡುವುದು ಎಂದಾಯಿತು. ಲಂಡನ್ನಿನಲ್ಲಿ ನಮ್ಮವರ ಎಷ್ಟೋ ಹೋಮಗಳು ಹೀಗೇ ಕಾರು ನಿಲ್ಲುವ ಜಾಗದಲ್ಲಿ ನಡೆದಿವೆ. ಅಜ್ಜನ ಪೆಟ್ಟಿಗೆಗಳನ್ನು ಗೋಡೆಗೆ ಸರಿಸಿ ಮೇಲೆ ಹೂವಿನ ತಟ್ಟೆ ಇಟ್ಟೆವು.

ನಾನೂ ಗಂಡನೂ ಹೋಮಕುಂಡದ ಮುಂದೆ ಕೂತಿದ್ದೆವು. ಅರ್ಧ ದಾಟಿರಬೇಕು, ಪುರೋಹಿತರು ತಲೆ ಎತ್ತಿ, "ಅಮ್ಮಾ, ಇನ್ನೂ ಸ್ವಲ್ಪ ಸಮಿತ್ತು ಇದ್ರೆ ಕೊಡಿ. ನಾನು ತಂದಿದ್ದು ಸಾಲಲ್ಲ ಅನ್ಸತ್ತೆ," ಎಂದರು.

"ಅವ ಅವ, ತಡೀರಿ," ಎಂದು ಅತ್ತೆ ಎದ್ದರು. ಮಗನ ಕಡೆ ತಿರುಗಿ, "ತಂದಿಟ್ಟೀ, ನಮಗ ಹೇಳೇ ಇಲ್ಲ ನೋಡು. ನಾ ಮೊನ್ನೇನ ನೋಡೇನಿ," ಎಂದರು. ಹೂವಿನ ತಟ್ಟೆ ಪಕ್ಕಕ್ಕಿಟ್ಟು ಒಂದು ಪೆಟ್ಟಿಗೆ ತೆರೆದು, ಬಟ್ಟೆ ಸರಿಸಿ, ಸೆಣಬಿನ ದಾರದಲ್ಲಿ ಕಟ್ಟಿದ ಒಂದು ಕಟ್ಟನ್ನು ತೆಗೆದುಕೊಟ್ಟರು. ಅಳೆದು ಕತ್ತರಿಸಿದಂತೆ ಗೇಣುದ್ದ, ಖಣಖಣ ಒಣಗಿದ ಕಟ್ಟು. ಹೊಗೆಯಲ್ಲಿ ಗೀರುಗಳೂ ಒಣ ಸಿಪ್ಪೆಯ ಬಿರುಕಿನಂತೆ ಕಂಡವು. ಧಾರವಾಡದ ಗ್ರಂಥಿಗೆ ಅಂಗಡಿಯಲ್ಲಿ ಸಮಿಧೆ ಸಿಗುವುದೂ ಹೀಗೇ, ಇದೇ ಅಳತೆ, ಇದೇ ದಾರ. ನನಗೂ ಹಾಗೇ ಅನ್ನಿಸಿತು. ಗಂಡ ತಂದಿರಬೇಕು ಎಂದುಕೊಂಡೆ. ಗಂಡ ತಾಯಿ ತಂದಿರಬೇಕು ಎಂದುಕೊಂಡರು. ಪುರೋಹಿತರು ಒಂದನ್ನು ತಿರುಗಿಸಿ ನೋಡಿ, "ಯಾವ ಮರ ಇದು?" ಎಂದರು.

"ಮುತ್ತಲ ಇರಬೇಕ್ರಿ," ಎಂದರು ಅತ್ತೆ, ಗಟ್ಟಿಯಾಗಿ.

ಪುರೋಹಿತರು ಒಂದೊಂದನ್ನೂ ಮೂರು ತುಂಡು ಮುರಿದು ತಟ್ಟೆಗೆ ಹಾಕಿದರು. ಗಂಡ ತುಪ್ಪದಲ್ಲಿ ಅದ್ದಿ ಬೆಂಕಿಗೆ ಹಾಕುತ್ತ ಹೋದರು, ನಾನು ಅವರ ಬಲಗೈಗೆ ದರ್ಭೆ ಮುಟ್ಟಿಸಿಕೊಂಡು ಕೂತಿದ್ದೆ. ರಾಳದ ಘಮ ಎದ್ದಿತು. ಬಂದವರೆಲ್ಲ ಎಂಥ ಪರಿಮಳ ಎಂಥ ಪರಿಮಳ ಎಂದರು. ಆಗ ಗಂಡನ ಬೆರಳುಗಳ ನಡುವಿನ ತುಂಡಿನ ಮೇಲೆ ಎರಡು ನೆಟ್ಟ ಗೆರೆ, ಅಡ್ಡ ಒಂದು ಓರೆ ಗೆರೆ ಕಂಡಿತು.

ಆ ತುಂಡು ಬೆಂಕಿಗೆ ಬಿತ್ತು. ಪುರೋಹಿತರ ಪಕ್ಕದಲ್ಲಿ ಇನ್ನೂ ಮುರಿಯದ ನಾಲ್ಕು ಕೋಲುಗಳಿದ್ದವು. ನಾಲ್ಕು. ಕೈ ಚಾಚಿದರೆ ಸಿಗುತ್ತಿದ್ದವು. ಹೋಮದ ನಡುವೆ ಏಳಬಾರದು, ಮಾತಾಡಬಾರದು, ಅತ್ತೆ ಮೂವತ್ತು ಜನರ ಮುಂದೆ ಅಪರಾಧಿಯಾಗುತ್ತಾರೆ. ಇದೆಲ್ಲ ಆಮೇಲೆ ನಾನು ಹುಡುಕಿಕೊಂಡ ಕಾರಣಗಳು. ಆ ಹೊತ್ತಿಗೆ ನಾನು ಏನನ್ನೂ ಯೋಚಿಸಲಿಲ್ಲ. ನಾಚಿಕೆಯಾಯಿತು, ಅಷ್ಟೇ. ನಾಚಿಕೆಗೆ ಕೂತಲ್ಲೇ ಕೂತೆ. ನಾಲ್ಕೂ ಮುರಿದವು, ನಾಲ್ಕೂ ಉರಿದವು.

ಊಟಕ್ಕೆ ಅಜ್ಜನನ್ನೂ ಕರೆದಿದ್ದೆವು. ಹೊಗೆಗೆ ಕೆಮ್ಮು ಬರುತ್ತದೆಂದು ಹೋಮ ಮುಗಿದ ಮೇಲೆ ಬಂದರು. ಇಸ್ತ್ರಿ ಮಾಡಿದ ಅಂಗಿ, ಟೈ. ಗ್ಯಾರೇಜಿನ ಹೊಸ್ತಿಲಲ್ಲಿ ನಿಂತು ಕಣ್ಣು ಮುಚ್ಚಿ ಮೂಗೆಳೆದರು.

"ಸಿನ್ಯೋರಾ, ನಿಮ್ಮ ದೇವರ ಬೆಂಕಿ ನಮ್ಮೂರಿನ ಒಲೆಯ ವಾಸನೆ ಬರ್ತಿದೆ," ಎಂದರು. "ಐವತ್ತು ವರ್ಷ ಆಯ್ತು ಈ ವಾಸನೆ ಮೂಗಿಗೆ ಬಿದ್ದು."

ಕಣ್ಣಲ್ಲಿ ನೀರಿತ್ತು. ಅತ್ತೆ ಅವರ ಕೈಗೆ ಪಾಯಸದ ಬಟ್ಟಲು ಕೊಟ್ಟು, "ಪಾಪ, ಎಷ್ಟ ಭಕ್ತಿ ನೋಡು ಅಜ್ಜಗ," ಎಂದರು. ನಾನು ಇನ್ನೊಂದು ಸೌಟು ಬಡಿಸಿದೆ.

ಸಂಜೆ ಎಲ್ಲರೂ ಹೋದ ಮೇಲೆ ಗಂಡನಿಗೆ ಹೇಳಿದೆ. "ಅವು ಅಜ್ಜನ ಕೋಲರೀ. ಆ ಊರಿಂದು. ನಾ ಈಗ ಹೋಗಿ ಹೇಳಿ ಬರ್ತೀನಿ."

ಅವರು ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟರು. "ಹೇಳಿ ಏನ ಮಾಡ್ತಿ? ಸುಟ್ಟದ್ದು ಹೊಳ್ಳಿ ಬರ್ತದೇನು? ಅವ್ವಗ ಗೊತ್ತಾದ್ರ ಎದಿ ಒಡಕೋತಾಳ. ಆಕಿ ಏಪ್ರಿಲಿಗೆ ಊರಿಗೆ ಹೋಗಲಿ, ಆಮ್ಯಾಲ ಇಬ್ಬರೂ ಕೂಡೇ ಹೋಗಿ ಹೇಳೂಣು."

ಒಳ್ಳೆಯ ಮನುಷ್ಯ ನನ್ನ ಗಂಡ. ಏಪ್ರಿಲಿಗೆ ಹೇಳೋಣ ಎಂದದ್ದು ನಿಜವಾಗಿಯೂ ಹೇಳುವ ಮನಸ್ಸಿನಿಂದಲೇ. ಆದರೆ ಮೂರೇ ವಾರಕ್ಕೆ ಹೊಸ ಶೆಡ್ ಮುಗಿದು ಅಜ್ಜ ಪೆಟ್ಟಿಗೆಗಳನ್ನು ಒಯ್ದರು. ಮರುದಿನ ನಾನು ಕೆಲಸದಿಂದ ಬಂದು ಕೋಟು ಬಿಚ್ಚುವಷ್ಟರಲ್ಲಿ ಬಾಗಿಲು ತಟ್ಟಿದರು. ಮನೆಯಲ್ಲಿ ಅತ್ತೆ ಮತ್ತು ನಾನು ಇಬ್ಬರೇ.

"ಮೂರನೇ ಪೆಟ್ಟಿಗೆಯಲ್ಲಿ ಬಟ್ಟೆ ಮುಚ್ಚಿದ ಒಂದು ಕಟ್ಟಿತ್ತು. ಕೋಲುಗಳು. ನಿಮ್ಮ ಗ್ಯಾರೇಜಲ್ಲಿ ಬಿದ್ದಿದೆಯಾ?"

ಅಡುಗೆಮನೆಯಿಂದ ಅತ್ತೆ, "ಯಾರವ್ವಾ? ಅಜ್ಜ ಬಂದಾನ? ಒಳಗ ಕರಿ, ಚಾ ಮಾಡ್ತೀನಿ," ಎಂದು ಕೂಗಿದರು.

ನಾನು ಹೇಳಿದೆ: "ಅದನ್ನು ನೀವು ಆಗಲೇ ಒಯ್ದಿರಲ್ಲ. ಹೋದ ವಾರ ಬಂದು ಕೈಯಲ್ಲೇ ಹಿಡಕೊಂಡು ಹೋದಿರಿ. ಕೆಂಪು ಸ್ವೆಟರ್ ಹಾಕಿದ್ರಿ."

ಆ ಕೆಂಪು ಸ್ವೆಟರ್ ಎಲ್ಲಿಂದ ಬಂತೋ ನನಗೆ ಇಂದಿಗೂ ಗೊತ್ತಿಲ್ಲ. ಅದೊಂದು ಮಾತು ಇಲ್ಲದಿದ್ದರೆ ಅವರು ನಂಬುತ್ತಿರಲಿಲ್ಲವೇನೋ. ನನ್ನ ಮುಖ ನೋಡಿದರು. ಹಣೆಯ ಮೇಲೆ ಕೈ ಇಟ್ಟುಕೊಂಡರು. "ಹೌದಾ?" ಎಂದರು. "ನಾನಾ?" ಆಮೇಲೆ, "ಇರಬಹುದು," ಎಂದು ಇಳಿದು ಹೋದರು.

ಅಂದಿನಿಂದ ಗೋಡೆಯಾಚೆ ಹುಡುಕುವ ಸದ್ದು ಶುರುವಾಯಿತು. ಡ್ರಾಯರ್ ಎಳೆಯುವುದು, ಕಪಾಟು ಸರಿಸುವುದು, ಅಟ್ಟದ ಏಣಿ ಇಳಿಸುವುದು. ಅತ್ತೆ, "ಏನ ಹುಡುಕ್ಯಾಡತಾನ ಈ ಅಜ್ಜ ದಿನಾ?" ಎನ್ನುತ್ತಿದ್ದರು. ನಾನು ಟಿವಿಯ ಸದ್ದು ಹೆಚ್ಚಿಸುತ್ತಿದ್ದೆ. ಮೂರು ಗಂಟೆಯ ಚಹಾಕ್ಕೆ ಹೋದರೆ ಅವರು ಮೊದಲಿನಂತೆ ಮಾತಾಡುತ್ತಿರಲಿಲ್ಲ. ಮೇಜಿನ ಮೇಲೆ ಚೀಟಿಗಳು: ಗ್ಯಾಸ್ ಆರಿಸಿದ್ದೇನೆ, ಮಾತ್ರೆ ತಿಂದಿದ್ದೇನೆ, ಕೀಲಿ ಕೊಕ್ಕೆಯಲ್ಲಿದೆ. ತನ್ನ ತಲೆಯ ಮೇಲಿನ ನಂಬಿಕೆ ಹೋದವನು ಎಲ್ಲವನ್ನೂ ಬರೆದಿಡುತ್ತಾನೆ. ನಾನು ಆ ಚೀಟಿಗಳನ್ನು ಓದಿ ಚಹಾ ಕುಡಿದು ಬರುತ್ತಿದ್ದೆ.

ಏಪ್ರಿಲಿನಲ್ಲಿ ಅತ್ತೆ ಊರಿಗೆ ಹೋದರು. "ಹೋಗಿ ಹೇಳೂಣೇನು?" ಎಂದು ಗಂಡ ಕೇಳಿದರು. ಅವರಿಗೆ ಗೊತ್ತಿದ್ದದ್ದು ಕೋಲು ಸುಟ್ಟದ್ದು ಮಾತ್ರ. ಕೆಂಪು ಸ್ವೆಟರಿನ ಸಂಗತಿಯನ್ನು ನಾನು ಹೇಳಿರಲಿಲ್ಲ. ಈಗ ಹೋದರೆ ಆ ಸುಳ್ಳೂ ಹೊರಬೀಳುತ್ತದೆ. "ಅಜ್ಜ ಮರೆತಾರ, ಬಿಡ್ರಿ," ಎಂದೆ. ಗಂಡ ಬಿಟ್ಟರು.

ಆ ಭಾನುವಾರ ಅವರ ಮಗಳು ನಮ್ಮ ಬಾಗಿಲಿಗೆ ಬಂದಳು, ಅಪ್ಪನನ್ನೂ ಕರೆದುಕೊಂಡು. "ಅಪ್ಪ ಆ ಕಟ್ಟನ್ನು ಒಯ್ದದ್ದು ನೀವು ಕಣ್ಣಾರೆ ನೋಡಿದ್ರಾ?" ಅಜ್ಜ ನನ್ನನ್ನೇ ನೋಡುತ್ತಿದ್ದರು. ನಾನು ಇಲ್ಲ ಎನ್ನಲಿ ಎಂದು ಅವರ ಇಡೀ ಮುಖ ಬೇಡುತ್ತಿತ್ತು. ನಾನು ಹೌದು ಎಂದೆ. ಮಗಳು ನಿಟ್ಟುಸಿರು ಬಿಟ್ಟು ಅಪ್ಪನ ತೋಳು ಹಿಡಿದುಕೊಂಡಳು.

ಬಡಾವಣೆಯ ಡಾಕ್ಟರ ಹತ್ತಿರ ಕರೆದೊಯ್ದಳು. ಅಲ್ಲಿಂದ ಆಸ್ಪತ್ರೆಗೆ, ನೆನಪಿನ ಪರೀಕ್ಷೆಗೆ. ಹೆದರಿದ ಮನುಷ್ಯನಿಗೆ ನೂರರಿಂದ ಏಳೇಳು ಕಳೆಯುತ್ತ ಬಾ ಎಂದರೆ ಏನಾದೀತು? ತಪ್ಪಿದರು. ತಪ್ಪಿದ್ದಕ್ಕೆ ಇನ್ನಷ್ಟು ಹೆದರಿದರು. ಜೂನಿನಲ್ಲಿ ಬೆಟ್ಟಕ್ಕೆ ಹೋಗಲಿಲ್ಲ. ಬರಿಗೈಯಲ್ಲಿ ಹೋಗಿ ಏನು ಹೇಳಲಿ ಎಂದರು. ಪಟ್ಟಣದವರಿಗೆ ಬರೆದ ಉತ್ತರವನ್ನು ಪೋಸ್ಟ್ ಮಾಡಿ ಎಂದು ನನ್ನ ಕೈಗೇ ಕೊಟ್ಟರು. ಮಾಡಿದೆ.

ಪಾಪ ತೊಳೆದುಕೊಳ್ಳಲು ಒಂದು ದಪ್ಪ ನೋಟ್‌ಬುಕ್ ಕೊಂಡು ಹೋದೆ. ನೀವು ಹೇಳಿ, ಮನೆ ಮನೆಯದೂ ಹೇಳಿ, ನಾನು ಬರೆದುಕೊಳ್ಳುತ್ತೇನೆ ಎಂದೆ. ತಲೆಯಾಡಿಸಿದರು. "ಬೇಡ ಸಿನ್ಯೋರಾ. ಒಬ್ಬರ ಗೀರು ಇನ್ನೊಬ್ಬರಿಗೆ ಹೇಳಿಬಿಡ್ತೀನಿ. ಸತ್ತವರಿಗೆ ಅವಮಾನ. ನನ್ನ ತಲೆ ಹೇಗಿದೆ ಅಂತ ನಿಮಗೇ ಗೊತ್ತಲ್ಲ." ಆಮೇಲೆ ಅವರು ಆ ಊರಿನ ಮಾತೆತ್ತಲೇ ಇಲ್ಲ. ಈಗ ಆ ಊರಿನ ಬಗ್ಗೆ ನನಗೆ ಗೊತ್ತಿರುವುದು ಇಲ್ಲಿ ಬರೆದಷ್ಟೇ. ಹನ್ನೊಂದು ಮನೆಗಳಲ್ಲಿ ಹತ್ತರ ಗುರುತು ನನಗೆ ಗೊತ್ತಿಲ್ಲ.

ಮುಂದಿನ ವರ್ಷ ಮಗಳು ಅವರನ್ನು ತನ್ನ ಮನೆಯ ಹತ್ತಿರದ, ಮುದುಕರನ್ನು ನೋಡಿಕೊಳ್ಳುವ ಒಂದು ಕೇರ್ ಹೋಮಿಗೆ ಸೇರಿಸಿದಳು. ಒಂದು ಸಲ ಗ್ಯಾಸ್ ಆರಿಸಲು ಮರೆತಿದ್ದರು. ಅದನ್ನು ನಾನೂ ಎಷ್ಟೋ ಸಲ ಮರೆತಿದ್ದೇನೆ. ಮನೆ ಮಾರಾಟಕ್ಕೆ ಬಂತು. ಗೋಡೆಯಾಚೆ ಬೇರೆ ಯಾರೋ ಬಂದರು, ಅವರಿಗೆ ನನ್ನ ಒಗ್ಗರಣೆಗೆ ಸೀನು ಬರುತ್ತಿರಲಿಲ್ಲ. ನಾನು ಅಜ್ಜನನ್ನು ನೋಡಲು ಹೋಗಲಿಲ್ಲ. ಎರಡು ವರ್ಷ ಹೋಗಲಿಲ್ಲ. ಲಾಂಡ್ರಿಯಲ್ಲಿ ಚಾದರ ಮಡಿಸುವಾಗ, ಬಸ್ಸಿಗೆ ಕಾಯುವಾಗ, "ಹೌದಾ? ನಾನಾ?" ಎಂಬ ಅವರ ಧ್ವನಿ ಕೇಳುತ್ತಿತ್ತು, ಮತ್ತು ನನಗೆ ಅವರ ಮೇಲೇ ಸಿಟ್ಟು ಬರುತ್ತಿತ್ತು. ಯಾಕೆ ನಂಬಿದಿರಿ ಎಂದು.

ಅತ್ತೆ ಧಾರವಾಡದಲ್ಲಿ ತೀರಿಕೊಂಡರು, ಏನೂ ತಿಳಿಯದೆ. ಹದಿಮೂರನೆಯ ದಿನ ಮುಗಿಸಿ ಲಂಡನ್ನಿಗೆ ವಾಪಸಾದ ವಾರವೇ ಗಂಡನಿಗೆ ಎಲ್ಲ ಹೇಳಿದೆ, ಸ್ವೆಟರಿನದೂ. ಅವರು ನನ್ನ ಮೇಲೆ ಕೂಗಲಿಲ್ಲ. "ಹೋಗಿ ಹೇಳು," ಎಂದಷ್ಟೇ ಅಂದು ಎದ್ದು ಹೋದರು. ಮರುದಿನ ಬಸ್ಸು ಹಿಡಿದು, ಟ್ಯೂಬ್ ಹಿಡಿದು, ಜೂಬಿಲಿ ಲೈನಿನ ಕೊನೆಯ ಸ್ಟೇಷನ್ನಿನಲ್ಲಿ ಇಳಿದು ನಡೆದೆ. ಒಳ್ಳೆಯ ಮನೆಗಳು, ಎರಡೆರಡು ಕಾರುಗಳು, ಕತ್ತರಿಸಿದ ಬೇಲಿಗಳು. ಜನವರಿಯ ಮಧ್ಯಾಹ್ನ, ಹಿಮವೂ ಅಲ್ಲದ ಮಳೆಯೂ ಅಲ್ಲದ ಏನೋ ಬೀಳುತ್ತಿತ್ತು.

ಅಜ್ಜ ಕಿಟಕಿಯ ಹತ್ತಿರ ಕುರ್ಚಿಯಲ್ಲಿದ್ದರು. ಇಳಿದುಹೋಗಿದ್ದರು, ಆದರೆ ನನ್ನನ್ನು ನೋಡಿದ ಕೂಡಲೇ ಸಿನ್ಯೋರಾ ಎಂದರು. ಮಗಳೂ ಅಲ್ಲೇ ಇದ್ದಳು, ಅಂದು ಅವಳ ಭೇಟಿಯ ದಿನವಂತೆ. ಅವಳಿಲ್ಲದಿದ್ದರೆ ಚೆನ್ನಾಗಿತ್ತು ಎಂದುಕೊಂಡೆ. ಆಮೇಲೆ, ಇರಲಿ, ಇಬ್ಬರೂ ಕೇಳಲಿ ಎಂದು ಗಟ್ಟಿ ಮನಸ್ಸು ಮಾಡಿದೆ. ಎಲ್ಲ ಹೇಳಿದೆ. ಹೋಮ ಎಂದರೇನು, ಸಮಿಧೆ ಎಂದರೇನು, ಅತ್ತೆ ಯಾಕೆ ತಪ್ಪು ತಿಳಿದರು, ನಾಲ್ಕು ಉಳಿದಾಗಲೂ ನಾನು ಯಾಕೆ ಏಳಲಿಲ್ಲ. "ನೀವು ಒಯ್ಯಲಿಲ್ಲ," ಎಂದೆ. "ಕೆಂಪು ಸ್ವೆಟರ್ ನಾನು ಹುಟ್ಟಿಸಿದ್ದು. ನಿಮ್ಮ ತಲೆಗೆ ಆಗ ಏನೂ ಆಗಿರಲಿಲ್ಲ." ಅಳು ಬಂತು, ತಡೆದುಕೊಳ್ಳಲಿಲ್ಲ.

ಅಜ್ಜ ಮುಂದೆ ಬಾಗಿ ನನ್ನ ಕೈ ತಟ್ಟಿದರು. ನಗುತ್ತಿದ್ದರು.

"ನೋಡಿದೆಯಾ?" ಎಂದು ಮಗಳಿಗೆ ಹೇಳಿದರು. "ನಮ್ಮೂರಲ್ಲಿ ಹೀಗೇ ಮಾಡ್ತಿದ್ವಿ. ಮುದುಕ ಏನಾದರೂ ಕಳೆದುಹಾಕಿದರೆ ಪಕ್ಕದ ಮನೆಯವರು ಹೋಗಿ, ನಾನು ತೊಗೊಂಡಿದ್ದೆ, ನಾನು ಮುರಿದೆ, ಅಂತ ಹೇಳಬೇಕು. ಮುದುಕನಿಗೆ ನಾಚಿಕೆ ಆಗಬಾರದಲ್ಲ. ನಾನೂ ಎಷ್ಟು ಸಲ ಹೇಳಿದೀನಿ. ಇವರು ಇಷ್ಟು ದೂರ ಬಂದು ಹೇಳ್ತಿದಾರೆ."

"ಅಲ್ಲ," ಎಂದೆ. "ನಿಜ. ನಿಜವಾಗಿ."

"ಹೌದು, ನಿಜ ಅಂತಲೇ ಹೇಳಬೇಕು," ಎಂದರು. ಕಣ್ಣೊರೆಸಿಕೊಂಡರು. "ಎಷ್ಟು ಚೆನ್ನಾಗಿ ಹೇಳಿದಿರಿ, ನಾಲ್ಕು ಉಳಿದಿದ್ದವು ಅಂತ."

ಹೊರಡುವಾಗ ಮಗಳು ಸ್ಟೇಷನ್ನಿಗೆ ಬಿಡುತ್ತೇನೆಂದು ಬಂದಳು. ಕಾರಿನ ಬಾಗಿಲ ಬಳಿ ನಿಂತಳು, ತೆರೆಯಲಿಲ್ಲ.

"ಅಪ್ಪ ಹೇಳಿದ ಹಾಗೇ ತಾನೇ?" ಎಂದಳು. "ಅವರ ಸಮಾಧಾನಕ್ಕೆ ಹೇಳಿದ್ದು ತಾನೇ? ಯಾಕಂದ್ರೆ ಆ ಕಟ್ಟು ಕಳೆದದ್ದರಿಂದಲೇ ನಾನು ಮೊದಲು ಡಾಕ್ಟರ ಹತ್ತಿರ ಹೋದದ್ದು. ಮನೆ ಮಾರಿದ್ದೂ ಅದರಿಂದಲೇ."

ನಾನು ಅವಳ ಮುಖ ನೋಡಿದೆ. ಹೌದು, ಅವರ ಸಮಾಧಾನಕ್ಕೇ, ಎಂದೆ.

ಅವಳು ನನ್ನನ್ನು ಅಪ್ಪಿಕೊಂಡಳು. ಸ್ಟೇಷನ್ನಿನವರೆಗೂ ಕಾರು ಓಡಿಸುತ್ತ ಥ್ಯಾಂಕ್ಸ್ ಹೇಳುತ್ತಲೇ ಇದ್ದಳು.